ಒಂದು ಮಾತ್ರೆ ಕಡಿಮೆ

ಒಂದು ಅಕ್ಷರ ತಿದ್ದಿದ್ದಕ್ಕೆ ನನಗೆ ಶಾಲು ಹೊದಿಸಿದ್ದರು. ಹಣ್ಣಿನ ಬುಟ್ಟಿಯನ್ನೂ ಕೊಟ್ಟಿದ್ದರು, ಅದರಲ್ಲಿ ಮೂರು ಸೇಬು ಕೊಳೆತಿದ್ದವು. ಸನ್ಮಾನ ಎಂದರೆ ಇಷ್ಟೇ ಎಂದು ಮನೆಗೆ ಬಂದು ನಕ್ಕಿದ್ದೆ. ಆದರೆ ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಬಹಳ ಹಿಗ್ಗಿದ್ದೆ. ಗದಗ ಬೆಟಗೇರಿ ಎರಡೂ ಊರು ಸೇರಿಸಿದರೂ ನನ್ನಷ್ಟು ಚುರುಕು ಕಿವಿ ಇನ್ನೊಂದಿಲ್ಲ ಎಂಬ ಸೊಕ್ಕು ನನಗೆ ಮೊದಲಿನಿಂದಲೂ ಇತ್ತು. ಶಾಲು ಬಂದ ಮೇಲೆ ಅದಕ್ಕೆ ಸರ್ಕಾರಿ ಮುದ್ರೆಯೂ ಬಿತ್ತು.

ನಾನು ನೀಲಾಂಬಿಕಾ ಸಂಕನೂರ. ಹದಿನೆಂಟು ವರ್ಷ ಕಾಲೇಜಿನಲ್ಲಿ ಛಂದಸ್ಸು ಕಲಿಸಿದವಳು. ಲಘು ಯಾವುದು, ಗುರು ಯಾವುದು ಎಂದು ಬೋರ್ಡಿನ ಮೇಲೆ ಗೆರೆ ಎಳೆದು ಎಳೆದು ಸಾಕಾಗಿ, ಕೊನೆಗೆ ಆ ಪಾಠವನ್ನೇ ಪಠ್ಯದಿಂದ ಕಿತ್ತು ಹಾಕಿದ ಮೇಲೆ ಮನೆಯಲ್ಲಿ ಕೂತಿದ್ದೆ. ಅದೇ ವರ್ಷ ಹುಳ ಬಿತ್ತು.

ಹುಳದ ಕಾಲ ನೆನಪಿಲ್ಲದವರಿಗೆ ಎರಡು ಮಾತು ಹೇಳಬೇಕು. ಆಗ ಕಂಪ್ಯೂಟರುಗಳು ತಮಗೆ ಬೇಕಾದ ಪ್ರೋಗ್ರಾಮನ್ನು ತಾವೇ ಬರೆದುಕೊಳ್ಳುತ್ತಿದ್ದವು. ಒಂದು ಲಿಫ್ಟು ಮೇಲೆ ಹೋಗಿ ಕೆಳಗೆ ಬರುವುದಕ್ಕೆ ನಲವತ್ತು ಲಕ್ಷ ಸಾಲು. ಅದನ್ನು ಓದುವವರು ಯಾರು? ಹುಳ ಅದರೊಳಗೆ ಹೊಕ್ಕು ಎಲ್ಲೋ ಒಂದು ಅಂಕಿಯನ್ನು ಬದಲಿಸಿ ಸುಮ್ಮನೆ ಕೂತುಬಿಡುತ್ತಿತ್ತು. ಯಾವ ಅಂಕಿ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಲಿಫ್ಟಿನ ಮಾತು ಹೋಗಲಿ, ಮೈಯೊಳಗೆ ಯಂತ್ರ ಇಟ್ಟುಕೊಂಡವರ ಪಾಡು ಹೇಳತೀರದು.

ಆಗ ಎದ್ದು ನಿಂತವರು ಗುದ್ಲೆಪ್ಪ ಮಾಸ್ತರರು. ಓದಿದ್ದು ಇಂಜಿನಿಯರಿಂಗ್, ಹುಚ್ಚು ಹಳಗನ್ನಡದ್ದು. ನನಗೆ ಛಂದಸ್ಸು ಕಲಿಸಿದವರೂ ಅವರೇ. ಅವರ ಯೋಚನೆ ಒಂದೇ ಸಾಲಿನದು. ಅಕ್ಷರ ಲಘುವಾಗಿರುತ್ತದೆ ಇಲ್ಲವೇ ಗುರುವಾಗಿರುತ್ತದೆ, ಕಂಪ್ಯೂಟರಿಗೆ ಬೇಕಾದದ್ದೂ ಸೊನ್ನೆ ಇಲ್ಲವೇ ಒಂದು. ಹಾಗಿದ್ದ ಮೇಲೆ ಜೀವ ಕಾಯುವ ಯಂತ್ರದ ಪ್ರೋಗ್ರಾಮನ್ನು ಪದ್ಯದಲ್ಲಿ ಬರೆಯೋಣ. ಪದ್ಯದ ಅರ್ಥ ಮನುಷ್ಯರ ನೆನಪಿಗೆ, ಲಘು ಗುರು ಯಂತ್ರದ ಓಟಕ್ಕೆ. ಹುಳ ಬಂದು ಒಂದು ಅಕ್ಷರ ಮುಟ್ಟಿದರೂ ನಡೆ ಎಡವುತ್ತದೆ, ಕೇಳುವ ಕಿವಿಗೆ ಥಟ್ಟನೆ ಗೊತ್ತಾಗುತ್ತದೆ. ಮೊದಲು ಎಲ್ಲರೂ ನಕ್ಕರು, ಆಮೇಲೆ ಅದೇ ಕಾಯಿದೆಯಾಯಿತು. ಮೈಯೊಳಗಿನ ಯಂತ್ರ ಯಾವುದೇ ಇರಲಿ, ಅದರ ಪ್ರೋಗ್ರಾಮು ಬಾಯಿಪಾಠ ಮಾಡುವಷ್ಟು ಚಿಕ್ಕದಿರಬೇಕು, ವಾರಕ್ಕೊಮ್ಮೆ ಮನುಷ್ಯರ ಕಿವಿಗೆ ಬೀಳಬೇಕು.

ಹೀಗೆ ನನಗೆ ಮತ್ತೆ ನೌಕರಿ ಸಿಕ್ಕಿತು. ಜೀವಯಂತ್ರ ಪ್ರಾಧಿಕಾರದವರು ಗದಗಿನಲ್ಲಿ ತೆರೆದ ಆಲಿಸುವ ಕೋಣೆಯಲ್ಲಿ ನಾವು ಒಂಬತ್ತು ಜನ ಕಿವಿಗಾರರು. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂರುವುದು. ಸುತ್ತಲಿನ ನಾಲ್ಕು ಜಿಲ್ಲೆಗಳಲ್ಲಿ ಜನರ ಎದೆಯಲ್ಲಿರುವ ಯಂತ್ರಗಳು ಒಂದೊಂದಾಗಿ ತಮ್ಮ ಪದ್ಯ ಒಪ್ಪಿಸುತ್ತವೆ. ನಡೆ ಸರಿಯಿದ್ದರೆ ಹಸಿರು ಗುಂಡಿ, ಎಡವಿದರೆ ಕೆಂಪು. ಪಕ್ಕದಲ್ಲಿ ಒಂದು ಯಂತ್ರ ಅಕ್ಷರ ನೋಡಿ ಮಾತ್ರೆ ಎಣಿಸುತ್ತದೆ. ಕಿವಿಯೂ ಯಂತ್ರವೂ ಒಪ್ಪಿದರೆ ಮಾತ್ರ ಮುಂದಿನ ವಾರಕ್ಕೆ ಅನುಮತಿ.

ಎದೆಯ ಯಂತ್ರಕ್ಕೆ ನಮ್ಮ ಕಡೆ ಕಾಳು ಎನ್ನುತ್ತಾರೆ, ಅಲಸಂದಿ ಕಾಳಿನಷ್ಟೇ ಇರುತ್ತದೆ. ಅದರ ಕೆಲಸ ಸರಳ. ಎದೆ ತಾನಾಗಿ ಬಡಿದರೆ ಸುಮ್ಮನಿರಬೇಕು. ಬಡಿತ ತಡವಾದರೆ ಸ್ವಲ್ಪ ಕಾಯಬೇಕು. ಕಾದರೂ ಬರದಿದ್ದರೆ ಸಣ್ಣದೊಂದು ಏಟು ಕೊಟ್ಟು ಎಬ್ಬಿಸಬೇಕು. ಇದಕ್ಕೆ ಗುದ್ಲೆಪ್ಪ ಮಾಸ್ತರರು ಬರೆದದ್ದು ಒಂದೇ ಒಂದು ಭಾಮಿನಿ ಷಟ್ಪದಿ. ಆರು ಸಾಲು, ನೂರೆರಡು ಮಾತ್ರೆ. ಅದರ ಮೊದಲ ಎರಡು ಸಾಲು ಹೀಗಿದ್ದವು.

ತಾಳಿ ನಿಲ್ಲುವೆನೊಂದು ಗಳಿಗೆಯ
ಕೇಳಿ ತಟ್ಟುವೆನೆರ್ದೆಯ ಬಾಗಿಲ

ಎರ್ದೆ ಎಂದರೆ ಎದೆ, ಹಳಗನ್ನಡದ ಮಾತು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಎಲ್ಲರೂ ಶಾಲೆಯಲ್ಲಿ ಕಲಿತಿರುತ್ತಾರೆ. ಕಲ್ಲು ಎಂದರೆ ಕ ಗುರು. ಆದರೆ ಹಳಗನ್ನಡದ ಕೆಲವು ಪದಗಳಲ್ಲಿ ಒತ್ತನ್ನು ಒತ್ತಿ ಹೇಳುವುದಿಲ್ಲ, ತೇಲಿಸಿಬಿಡುತ್ತಾರೆ, ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಅದಕ್ಕೆ ಶಿಥಿಲದ್ವಿತ್ವ ಎಂದು ಹೆಸರು. ಎರ್ದೆ ಅಂಥ ಪದ. ತಿಳಿದವರ ಬಾಯಲ್ಲಿ ಆ ಸಾಲು ಹದಿನಾಲ್ಕೇ ಮಾತ್ರೆ, ಭಾಮಿನಿಗೆ ಸರಿಯಾಗಿ. ಯಂತ್ರಕ್ಕೆ ತೇಲಿಸುವುದು ಎಲ್ಲಿ ಗೊತ್ತು? ಒತ್ತು ಕಂಡಿತು, ಗುರು ಎಂದಿತು, ಹದಿನೈದು ಎಣಿಸಿತು. ಹಾಗಾಗಿ ಕಡತದಲ್ಲಿ ಆ ಸಾಲಿಗೆ ಮಾಸ್ತರರ ಸಹಿಯಿರುವ ಒಂದು ವಿನಾಯಿತಿ ಇತ್ತು.

ಮಾಸ್ತರರು ತೀರಿಕೊಂಡ ಮೇಲೆ ಪ್ರಾಧಿಕಾರದವರು ವಿನಾಯಿತಿಗಳನ್ನೆಲ್ಲ ತೆಗೆಯಲು ಹೊರಟರು. ವಿನಾಯಿತಿಯ ಸಂದಿಯಲ್ಲೇ ಮುಂದೊಂದು ದಿನ ಹುಳ ನುಗ್ಗಬಹುದು ಎಂಬುದು ಅವರ ವಾದ. ಆ ಸಮಿತಿಯಲ್ಲಿ ನಾನಿದ್ದೆ. ಎರ್ದೆಯ ಸಾಲು ಬಂದಾಗ ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಎರ್ದೆಯನ್ನು ಎದೆ ಮಾಡಿ, ಎಂದೆ. ಕೇಳಿ ತಟ್ಟುವೆನೆದೆಯ ಬಾಗಿಲ. ಕಿವಿಗೂ ಹದಿನಾಲ್ಕು, ಯಂತ್ರಕ್ಕೂ ಹದಿನಾಲ್ಕು, ಈಗಿನ ಮಕ್ಕಳಿಗೂ ತಿಳಿಯುತ್ತದೆ. ಛಂದೋದೋಷ ನಿವಾರಣೆ ಎಂದು ನನ್ನ ಕೈಯಾರೆ ಪ್ರಮಾಣಪತ್ರ ಬರೆದೆ. ಜನವರಿಯಲ್ಲಿ ಎರಡು ಸಾವಿರದ ಒಂದು ನೂರ ನಲವತ್ತು ಕಾಳುಗಳಿಗೆ ಹೊಸ ಪದ್ಯ ಹೋಯಿತು. ಶಾಲು ಆಗಲೇ ಬಂದದ್ದು.

ಆ ಕಾಳುಗಳಲ್ಲಿ ಒಂದು ನನ್ನ ಯಜಮಾನರ ಎದೆಯಲ್ಲಿತ್ತು. ಅವರು ಚನ್ನಮಲ್ಲಪ್ಪ, ಬೆಟಗೇರಿಯಲ್ಲಿ ಟೇಲರು. ಓದಿದ್ದು ಏಳನೇ ಇಯತ್ತೆ. ಕಾಲೇಜಿನಲ್ಲಿ ಕಲಿಸುವವಳು ಟೇಲರನನ್ನು ಕಟ್ಟಿಕೊಂಡಳೆಂದು ಊರು ಆರು ತಿಂಗಳು ಆಡಿಕೊಂಡಿತ್ತು. ಜಂಪರು ಇಷ್ಟು ಚೆನ್ನಾಗಿ ಹೊಲಿಯುವವನನ್ನು ಬಿಟ್ಟುಕೊಡುವುದುಂಟೇ ಎಂದು ನಾನು ತಿರುಗಿ ಕೇಳಿದ್ದೆ. ಕಾಳು ಹಾಕಿಸಿಕೊಂಡು ನಾಲ್ಕು ವರ್ಷ ಅವರು ಆರಾಮಾಗಿಯೇ ಇದ್ದರು.

ಫೆಬ್ರವರಿ ಮುಗಿಯುವ ಹೊತ್ತಿಗೆ ಅವರಿಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಊಟದ ನಡುವೆ ರೊಟ್ಟಿ ಕೈಯಲ್ಲಿ ಹಿಡಿದೇ ಎದ್ದು ಅಂಗಳಕ್ಕೆ ಹೋಗಿ ಬರುತ್ತಿದ್ದರು. ಏನು ಎಂದು ಕೇಳಿದರೆ ಏನಿಲ್ಲ ಎನ್ನುತ್ತಿದ್ದರು. ಗಿರಾಕಿಯ ಅಳತೆ ತೆಗೆಯುತ್ತ ನಿಂತವರು ಟೇಪನ್ನು ಅವನ ಕೊರಳಲ್ಲೇ ಬಿಟ್ಟು ಬೀದಿಗೆ ಇಳಿದಿದ್ದರಂತೆ. ಒಂದು ಮಧ್ಯಾಹ್ನ ಊಟದ ಡಬ್ಬಿ ಕೊಡಲು ಅಂಗಡಿಗೆ ಹೋದಾಗ ಅವರು ಹೊಲಿಗೆ ಯಂತ್ರದ ಮುಂದೆ ಕೂತು ಪೆಡಲು ತುಳಿಯುತ್ತಿದ್ದರು, ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.

"ಕಾಲು ಹಿಂದ ಬೀಳಾಕತ್ತೈತಿ ನೀಲಾ," ಎಂದರು. "ಎದಿ ಮುಂದ ಓಡ್ತೈತಿ. ಹಿಡ್ಯಾಕ ಆಗವಲ್ದು."

ಡಾಕ್ಟರು ಕಾಳಿನ ವರದಿ ನೋಡಿ, ಎಲ್ಲ ಹಸಿರು ಇದೆ, ವಯಸ್ಸಾದವರಿಗೆ ಇದೆಲ್ಲ ಮನಸ್ಸಿನ ಆತಂಕ ಎಂದು ನಿದ್ದೆಗೆ ದಿನಕ್ಕೆ ಒಂದು ಮಾತ್ರೆ ಬರೆದುಕೊಟ್ಟರು. ಅದನ್ನು ನುಂಗಿದವರು ನಿದ್ದೆಯಲ್ಲೂ ಕಾಲು ಆಡಿಸುತ್ತಿದ್ದರು. ನನಗೂ ನೆಮ್ಮದಿ ಹೋಯಿತು. ಅವರ ಪಕ್ಕ ಕೂತರೆ ಸಾಕು, ಯಾರೋ ಬಾಗಿಲ ಹೊರಗೆ ನಿಂತು ಗಡಿಬಿಡಿ ಮಾಡುತ್ತಿರುವಂತೆ ನನ್ನ ಮೈಯೂ ತಳಮಳಿಸುತ್ತಿತ್ತು.

ಆಲಿಸುವ ಕೋಣೆಗೂ ದೂರುಗಳು ಬರತೊಡಗಿದವು. ಕೊಪ್ಪಳದಿಂದ ಒಬ್ಬರು, ರೋಣದಿಂದ ಇಬ್ಬರು, ಎಲ್ಲರದೂ ಒಂದೇ ಮಾತು, ಕುಳಿತಲ್ಲಿ ಕೂರಲಾಗುತ್ತಿಲ್ಲ. ನಮ್ಮ ಇಂಜಿನಿಯರು ರೇಷ್ಮಾ ಇನಾಮದಾರ ಚುರುಕಾದ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ. ಅವಳು ಪ್ರತಿಯೊಂದು ಕಾಳಿನ ಪದ್ಯವನ್ನೂ ಮತ್ತೆ ಮತ್ತೆ ತೆರೆಸಿ ಕೇಳಿಸಿದಳು. ನಾನು ಕಣ್ಣು ಮುಚ್ಚಿ ಕೇಳಿದೆ. ನಡೆ ನೀರಿನಂತೆ ಹರಿಯುತ್ತಿತ್ತು. ಸರಿ, ಸರಿ, ಸರಿ ಎಂದು ಹಸಿರು ಗುಂಡಿ ಒತ್ತಿದೆ. ಮಾರ್ಚ್ ಹನ್ನೊಂದರಂದು ಶಕುಂತಲಾ ಮಡ್ಲೂರ ಎಂಬ ಬಸ್ ಕಂಡಕ್ಟರು, ನಲವತ್ತಾರು ವರ್ಷದ ಹೆಂಗಸು, ಲಕ್ಷ್ಮೇಶ್ವರದ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಲೇ ಕುಸಿದು ಸತ್ತರು. ಎರಡು ದಿನದ ಹಿಂದೆ ಅವರ ಕಾಳಿಗೆ ಹಸಿರು ಒತ್ತಿದವಳು ನಾನೇ.

ಆ ಭಾನುವಾರ ಯಜಮಾನರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ನಾನು ಬದನೆಕಾಯಿ ಹೆಚ್ಚುತ್ತಿದ್ದೆ. ಅವರ ತುಟಿ ಅಲ್ಲಾಡುತ್ತಿತ್ತು. ಕಾಳು ಹೊತ್ತವರು ತಮ್ಮ ಪದ್ಯ ಬಾಯಿಪಾಠ ಮಾಡಬೇಕೆಂದು ಕಾಯಿದೆಯಿದೆ, ಅವರು ಮಗ್ಗಿ ಒಪ್ಪಿಸುವಂತೆ ಹೇಳುತ್ತಿದ್ದರು. ಅದೂ ಹಳೆಯ ಪದ್ಯ. ಹಳೆಯದನ್ನಾದರೂ ನೆಟ್ಟಗೆ ಹೇಳುತ್ತಿದ್ದರೇ ಎಂದರೆ ಅದೂ ಇಲ್ಲ. ತಟ್ಟುವೆನೆರ್, ದೆಯ, ಎಂದು ಅಲ್ಲಿ ಒತ್ತಿ, ನಿಂತು, ಆಮೇಲೆ ಮುಂದಕ್ಕೆ ಹೋಗುತ್ತಿದ್ದರು. ನನಗೆ ಕಿವಿಗೆ ಕಡ್ಡಿ ಹಾಕಿದಂತಾಯಿತು. ಮೂವತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿಯೂ ಒಂದು ಒತ್ತನ್ನು ತೇಲಿಸಲು ಬರಲಿಲ್ಲವಲ್ಲ ಎಂದು ರೇಗಿದೆ. ಪದ್ಯ ಬದಲಾಗಿ ಎರಡು ತಿಂಗಳಾಯಿತು, ಈಗ ಅದು ಎದೆ, ಅಲ್ಲಿ ನಿಲ್ಲುವ ಹಾಗೇ ಇಲ್ಲ ಎಂದೆ.

ಅವರು ಸಿಟ್ಟಾಗಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡರು.

"ಹೊಸಾದು ಬಾಯಾಗ ನಿಂದರವಲ್ದು," ಎಂದರು. "ಹಳೇದ್ರಾಗ ಅಲ್ಲೆ ಒಂದ ಸಲ ತಡೀತಿತ್ತು ನೋಡು. ಅಲ್ಲೆ ನನಗ ಉಸರ ಸಿಗ್ತಿತ್ತು."

ಈಳಿಗೆಯ ಮೇಲೆ ನನ್ನ ಕೈ ನಿಂತಿತು. ಅವರು ಒತ್ತಿ ಹೇಳಿದ ರೀತಿಯಲ್ಲೇ ಆ ಸಾಲನ್ನು ಬೆರಳು ಮಡಚಿ ಎಣಿಸಿದೆ. ಹದಿನೈದು. ಏಳನೇ ಇಯತ್ತೆ ಓದಿದ ನನ್ನ ಗಂಡ ಓದುತ್ತಿದ್ದ ರೀತಿಯಲ್ಲೇ ಅವರ ಎದೆಯ ಯಂತ್ರವೂ ನಾಲ್ಕು ವರ್ಷ ಓದುತ್ತ ಬಂದಿತ್ತು. ನನ್ನಂತೆ ಅಲ್ಲ, ಅವರಂತೆ. ಮಾಸ್ತರರಿಗೆ ಅದು ಗೊತ್ತಿತ್ತು. ಕೇಳುವವರ ಕಿವಿಗೆ ಹದಿನಾಲ್ಕು ಕೊಟ್ಟು, ಯಂತ್ರಕ್ಕೆ ಗುಟ್ಟಾಗಿ ಒಂದು ಮಾತ್ರೆ ಹೆಚ್ಚು ಕೊಟ್ಟಿದ್ದರು. ಕಾಯುವುದಕ್ಕೆ ಕೊಟ್ಟ ಮಾತ್ರೆ ಅದು. ಅದನ್ನು ನಾನು ತಿದ್ದಿ ತೆಗೆದುಹಾಕಿದ್ದೆ. ಈಗ ಕಾಳು ಕಾಯುತ್ತಿರಲಿಲ್ಲ. ಎದೆ ತಾನಾಗಿ ಬಡಿಯಲು ಹೊರಡುವಷ್ಟರಲ್ಲೇ ಅವಸರದ ಏಟು ಬೀಳುತ್ತಿತ್ತು. ಎದೆ ಸುಧಾರಿಸಿಕೊಳ್ಳುವ ಗಳಿಗೆಯಲ್ಲಿ ಅಂಥ ಏಟು ಬಿದ್ದರೆ ಅದು ಬಡಿಯುವುದನ್ನು ಬಿಟ್ಟು ಅದುರತೊಡಗುತ್ತದೆ. ಲಕ್ಷ್ಮೇಶ್ವರದ ಬಸ್ಸಿನಲ್ಲಿ ಆದದ್ದು ಅದೇ.

ಬದನೆಕಾಯಿ ಹಾಗೇ ಬಿಟ್ಟು ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಕೋಣೆಗೆ ಹೋದೆ. ಮನೆಯಲ್ಲಿ ಬಿಟ್ಟು ಹೋಗಲು ಧೈರ್ಯವಾಗಲಿಲ್ಲ. ರೇಷ್ಮಾ ಭಾನುವಾರವೂ ಬಂದಿದ್ದಳು, ಶಕುಂತಲಾ ಅವರ ಕಾಳಿನ ದಾಖಲೆ ನೋಡುತ್ತಿದ್ದಳು. ಹಳೆಯ ವಿನಾಯಿತಿಯ ಹಾಳೆ ತೆಗೆಸಿದೆ. ಕೆಳಗೆ ಮಾಸ್ತರರ ಕೈಬರಹದಲ್ಲಿ ಎರಡು ವಾಕ್ಯವಿತ್ತು. ಯಂತ್ರ ಇಲ್ಲಿ ಹದಿನೈದು ಎಣಿಸಲಿ. ಇದು ಬೇಕಂತಲೇ ಬಿಟ್ಟದ್ದು. ಸಮಿತಿಯ ದಿನ ಈ ಹಾಳೆ ನನ್ನ ಮುಂದೆಯೇ ಇತ್ತು, ಓದಿದ್ದೆ ಕೂಡ. ಮುದುಕರ ಹಟ ಎಂದುಕೊಂಡು ಪುಟ ಮಗುಚಿದ್ದೆ.

ರೇಷ್ಮಾಳಿಗೆ ಎಲ್ಲ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ತಪ್ಪು ತಿದ್ದಬಹುದು, ಆದರೆ ದಾರಿ ಒಂದೇ ಎಂದಳು. ವಿನಾಯಿತಿ ಕೊಡುವ ಸೌಲಭ್ಯವನ್ನೇ ಜನವರಿಯಲ್ಲಿ ಕಿತ್ತು ಹಾಕಿದ್ದಾರೆ. ಇನ್ನು ಹಳೆಯ ಸಾಲನ್ನು ಹಾಕಬೇಕಾದರೆ ಅಕ್ಷರದ ಲೆಕ್ಕವೂ ದನಿಯ ಲೆಕ್ಕವೂ ಕೂಡಬೇಕು. ಕಿವಿಗಾರರೊಬ್ಬರು ಮೈಕಿನ ಮುಂದೆ ಆ ಸಾಲನ್ನು ಹದಿನೈದು ಮಾತ್ರೆಯಾಗಿ ಹೇಳಬೇಕು. ಮೂರು ಸಲ ತಪ್ಪಿದರೆ ಎರಡು ದಿನ ಬೀಗ. ಮತ್ತೆ, ಅರ್ಜಿಯಲ್ಲಿ ಕಾರಣ ಬರೆಯಲೇಬೇಕು.

"ಕಾರಣ ಬರದ್ರ ನೀವು ಉಳಿಯಂಗಿಲ್ರಿ ಅಕ್ಕೋರ," ಎಂದಳು. "ಒಂದು ಜೀವ ಹೋಗೇತಿ."

ಬರೆ ಎಂದೆ. ನನ್ನ ಪ್ರಮಾಣಪತ್ರ ತಪ್ಪು, ಮಾಸ್ತರರ ಟಿಪ್ಪಣಿ ಓದಿಯೂ ತಿದ್ದಿದೆ ಎಂದು ನಾನೇ ಹೇಳಿ ಬರೆಸಿ ಸಹಿ ಹಾಕಿದೆ. ಆಮೇಲೆ ಮೈಕಿನ ಮುಂದೆ ಕೂತೆ.

ಕೇಳಿ ತಟ್ಟುವೆನೆರ್ದೆಯ ಬಾಗಿಲ ಎಂದೆ. ಪರದೆಯ ಮೇಲೆ ಹದಿನಾಲ್ಕು ಎಂದು ಬಂತು. ಒತ್ತಿ ಹೇಳಬೇಕೆಂದು ಗೊತ್ತಿತ್ತು, ಗಟ್ಟಿ ಮನಸ್ಸು ಮಾಡಿಯೇ ಹೇಳಿದ್ದೆ. ಆದರೆ ಭಾಮಿನಿಯ ನಡೆ ಶುರುವಾದದ್ದೇ ನಾಲಿಗೆ ತನ್ನಷ್ಟಕ್ಕೆ ತೇಲಿತು. ಎರಡನೇ ಸಲ ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಅದು ಪದ್ಯವೇ ಆಗಲಿಲ್ಲ, ಯಂತ್ರ ತಿರಸ್ಕರಿಸಿತು. ನಲವತ್ತು ವರ್ಷ ಪಳಗಿಸಿದ ನಾಲಿಗೆ ಅದು. ಅದಕ್ಕೆ ತಪ್ಪು ಮಾಡುವುದು ಬರುತ್ತಿರಲಿಲ್ಲ. ಇನ್ನು ಉಳಿದದ್ದು ಒಂದು ಸಲ. ಗಾಜಿನ ಆಚೆ ಯಜಮಾನರು ಗೋಡೆಯಿಂದ ಗೋಡೆಗೆ ಓಡಾಡುತ್ತಿದ್ದರು, ಹಣೆಯ ಮೇಲೆ ಬೆವರು, ತುಟಿ ಕಪ್ಪಿಟ್ಟಿತ್ತು. ಎರಡು ದಿನ ಅವರು ತಡೆಯುವುದಿಲ್ಲ ಎಂದು ನನಗೆ ನೋಡಿದ ಕೂಡಲೇ ತಿಳಿಯಿತು.

ಕಾಳು ಹೊತ್ತವರ ದನಿಯೂ ಕಾಯಿದೆಯ ಪ್ರಕಾರ ನಡೆಯುತ್ತದೆಯಲ್ಲ ಎಂದು ರೇಷ್ಮಾಳನ್ನು ಕೇಳಿದೆ. ಅವಳು ಪುಸ್ತಕ ತೆಗೆದು ನೋಡಿ ತಲೆಯಾಡಿಸಿದಳು. ನಾನು ಎದ್ದು ಅವರನ್ನು ಕರೆತಂದು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಅವರಿಗೆ ಅಲ್ಲೂ ಕೂರಲಾಗಲಿಲ್ಲ, ಎದ್ದು ನಿಂತರು.

"ನಾ ಹೇಳಿದ್ರ ನೀ ಬೈತಿ," ಎಂದರು.

"ಇವತ್ತ ಬೈಯೂದಿಲ್ಲ. ನೀವು ದಿನಾ ಹೆಂಗ ಹೇಳ್ತೀರಿ ಹಂಗ ಹೇಳ್ರಿ."

ಅವರು ನನ್ನ ಮುಖ ನೋಡಿದರು, ಹೌದೋ ಅಲ್ಲವೋ ಎಂಬಂತೆ. ಆಮೇಲೆ ಮೈಕಿಗೆ ಬಾಗಿ ಹೇಳಿದರು. ಕೇಳಿ ತಟ್ಟುವೆನೆರ್, ದೆಯ ಬಾಗಿಲ. ಒಂದು ಕಡೆ ಒರಟಾಗಿ ಒತ್ತಿ, ಅಲ್ಲೇ ತುಸು ನಿಂತು, ಉಸಿರು ತೆಗೆದುಕೊಂಡು. ನನ್ನ ಆಯುಷ್ಯದಲ್ಲಿ ಅಷ್ಟು ಕೆಟ್ಟದಾಗಿ ಓದಿದ ಭಾಮಿನಿಯನ್ನು ಕೇಳಿರಲಿಲ್ಲ. ಪರದೆಯ ಮೇಲೆ ಹದಿನೈದು ಎಂದು ಬಂತು, ರೇಷ್ಮಾ ಒಟ್ಟು ಮಾತ್ರೆಯನ್ನು ನೂರಾ ಮೂರು ಮಾಡಿ ಗುಂಡಿ ಒತ್ತಿದಳು.

ಮೊದಲು ಅವರ ಕಾಳಿಗೇ ಹೋಯಿತು. ನಾನು ಅವರ ಎದೆಯ ಮೇಲೆ ಕೈಯಿಟ್ಟೆ. ಬಡಿತ, ಬಡಿತ, ಬಡಿತ, ಆಮೇಲೆ ಏನೂ ಇಲ್ಲ. ಆ ಒಂದು ಮಾತ್ರೆ ನನಗೆ ಬಹಳ ಉದ್ದವಾಯಿತು. ಕೊಂದೆನೇ ಎನಿಸಿತು. ಆಮೇಲೆ ಏಟಿಲ್ಲದೆ, ಯಾರೂ ತಟ್ಟದೆ, ಅವರ ಎದೆ ತಾನಾಗಿ ಬಡಿಯಿತು. ಸ್ವಲ್ಪ ಸೋಮಾರಿ ಬಡಿತ, ಆದರೆ ಅವರದೇ. ನಾನು ಅತ್ತೆ. ಅವರು ಕುರ್ಚಿ ಎಳೆದುಕೊಂಡು ಕೂತರು, ಕೂತೇ ಇದ್ದರು. ಸಂಜೆಯೊಳಗೆ ಎರಡು ಸಾವಿರದ ಒಂದು ನೂರ ಮೂವತ್ತೊಂಬತ್ತು ಕಾಳುಗಳಿಗೂ ಟೇಲರ ಚನ್ನಮಲ್ಲಪ್ಪನ ದನಿ ತಲುಪಿತ್ತು.

ಮರುವಾರ ನನ್ನನ್ನು ಕೆಲಸದಿಂದ ತೆಗೆದರು, ವಿಚಾರಣೆಯೂ ಆಯಿತು. ತಿದ್ದುಪಡಿಗೆ ಇಡೀ ಸಮಿತಿ ಒಪ್ಪಿತ್ತು, ಯಂತ್ರವೂ ಒಪ್ಪಿತ್ತು, ಆದ್ದರಿಂದ ಇದು ಯಾರೊಬ್ಬರ ತಪ್ಪೂ ಅಲ್ಲ ಎಂದು ವರದಿ ಬರೆದರು. ಆ ವರದಿ ಓದಿ ನನಗೆ ಮೈ ಉರಿಯಿತು. ಯಾರ ತಪ್ಪೂ ಅಲ್ಲ ಎಂದರೆ ಸತ್ತವರಿಗೆ ಏನು ಹೇಳಬೇಕು? ಯಜಮಾನರು ಬೇಡವೆಂದರೂ ಕೇಳದೆ ಒಂದು ಬೆಳಿಗ್ಗೆ ಮಡ್ಲೂರರ ಮನೆ ಹುಡುಕಿಕೊಂಡು ಹೋದೆ.

ಶಕುಂತಲಾ ಅವರ ಗಂಡ ಅಂದಾನಪ್ಪ, ಮನೆಯ ಮುಂಭಾಗದಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಾರೆ. ಹುಬ್ಬಿನ ಮೇಲೆಲ್ಲ ಜೋಳದ ಹಿಟ್ಟು. ನಾನು ಯಾರೆಂದು ಹೇಳಿದ ಮೇಲೆ ಗಿರಣಿ ನಿಲ್ಲಿಸಿ ಕೂರಲು ಮೂಟೆಯ ಮೇಲೆ ಗೋಣಿ ಹಾಸಿದರು. ನಾನು ಏನನ್ನೂ ಮುಚ್ಚಿಡಲಿಲ್ಲ. ಒಂದು ಅಕ್ಷರ ತಿದ್ದಿದ್ದು, ಟಿಪ್ಪಣಿ ಓದಿಯೂ ಬಿಟ್ಟದ್ದು, ಹಸಿರು ಒತ್ತಿದ್ದು, ಎಲ್ಲ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವರು ಆ ಎರಡೂ ಸಾಲು ಒಮ್ಮೆ ಹೇಳಿ ತೋರಿಸಿ ಎಂದರು. ಹಿಂದಿನದು ಹೇಗಿತ್ತು, ನಾನು ತಿದ್ದಿದ್ದು ಹೇಗೆ.

ನಾನು ಎರಡನ್ನೂ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. ಇನ್ನೊಮ್ಮೆ ಎಂದರು. ಇನ್ನೊಮ್ಮೆ ಹೇಳಿದೆ, ಆದಷ್ಟು ನಿಧಾನವಾಗಿ.

"ಎರಡೂ ಒಂದ ಕೇಳಸ್ತಾವಲ್ರಿ ಅಕ್ಕೋರ," ಎಂದರು.

"ಹೌದ್ರಿ," ಎಂದೆ. "ನನಗೂ ಹಂಗ ಕೇಳಿಸಿತ್ತು."